ಆರು ಚೀಲ ಸಿರುಗುಪ್ಪದ ಮಣ್ಣು

2025, ಆಗಸ್ಟ್ 2, ಶನಿವಾರ

ಕೃಷಿ ಸಖಿಯರು ದಿನಾಲೂ ದಿನಚರಿ ಬರೆಯಬೇಕು ಎಂದು ತರಬೇತಿಯಲ್ಲಿ ನೇತ್ರಾ ಮೇಡಂ ಹೇಳಿದ್ದರು. ಆಫೀಸಿಗೆ ತೋರಿಸುವ ದಿನಚರಿ ಬೇರೆ ಇದೆ. ಅದರಲ್ಲಿ 'ಕ್ಷೇತ್ರ ಭೇಟಿ ಮಾಡಲಾಯಿತು, ಸಲಹೆ ನೀಡಲಾಯಿತು' ಎಂದು ಗೀಚಿದರೆ ಮುಗಿಯಿತು. ಇದು ನನ್ನದು. ಇದರಲ್ಲಿ ನನ್ನನ್ನು ನಾನೇ ಹೊಗಳಿಕೊಂಡರೂ ಕೇಳುವವರಿಲ್ಲ, ಅದಕ್ಕೇ ಶುರು ಮಾಡುತ್ತಿದ್ದೇನೆ.

ಇವತ್ತು ಹುಲುಗಮ್ಮಕ್ಕನ ಹೊಲದ ಸೋಯಾಕ್ಕೆ ಮೂವತ್ತೈದು ದಿನ. ಸಂಘದ ಹನ್ನೆರಡು ಹೆಂಗಸರನ್ನು ಬದುವಿನ ಮೇಲೆ ನಿಲ್ಲಿಸಿ, ಒಂದು ಗಿಡ ಕಿತ್ತು, ಬೇರು ತೊಳೆದು ಎತ್ತಿ ಹಿಡಿದೆ. ಬೇರಿನ ತುಂಬ ಗಂಟು! "ನೋಡ್ರಿ, ಇವು ಗೊಬ್ಬರದ ಫ್ಯಾಕ್ಟರಿ ಇದ್ದಂಗ. ಇಷ್ಟು ಗಂಟು ಇದ್ರ ಯೂರಿಯಾಕ್ಕ ಲೈನ್ ಹಚ್ಚೋದು ಬ್ಯಾಡ" ಎಂದೆ. ಚಪ್ಪಾಳೆ ತಟ್ಟಿದರು. ಫೋಟೊವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಮನೆಗೆ ಬರುವಷ್ಟರಲ್ಲಿ ನಲವತ್ತು ಹೆಬ್ಬೆಟ್ಟು.

ಐಡಿಯಾ ಪೂರ್ತಿ ನನ್ನದು. ಕುರುಗೋಡು ಕಡೆಯ ನಮ್ಮ ಊರಿಗೆ ಸೋಯಾ ಹೊಸದು. ಹೊಸ ಹೊಲದ ಮಣ್ಣಿನಲ್ಲಿ ಈ ಗಂಟು ಕಟ್ಟುವ ಜೀವಾಣು ಇರುವುದಿಲ್ಲ, ಬೀಜಕ್ಕೆ ಅದರ ಪುಡಿ ಸವರಿ ಬಿತ್ತಬೇಕು. ಬಿತ್ತನೆ ಹೊತ್ತಿಗೆ ಪುಡಿಯ ಪಾಕೀಟು ಬರಲಿಲ್ಲ. ನಾನು ಸುಮ್ಮನೆ ಕೂರುವವಳೇ? ತವರು ಸಿರುಗುಪ್ಪದ ಕಡೆ, ಅಲ್ಲಿ ನಮ್ಮಣ್ಣ ಎರ್ರೆಪ್ಪಣ್ಣ ನಾಲ್ಕು ವರ್ಷದಿಂದ ಸೋಯಾ ಬೆಳೆಯುತ್ತಾನೆ. ಅವನ ಹೊಲದ ಆರು ಚೀಲ ಮಣ್ಣನ್ನು ಗೂಡ್ಸ್ ಆಟೋದಲ್ಲಿ ಹೇರಿಸಿಕೊಂಡು ಬಂದು, ಪುಟ್ಟಿಯಲ್ಲಿ ತುಂಬಿಕೊಂಡು, ಹುಲುಗಮ್ಮಕ್ಕನ ಹೊಲದಲ್ಲಿ ನನ್ನ ಕೈಯಾರೆ ಬೀಸಿದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಉಳಿದ ಅರ್ಧ ಚೀಲ ಹಿತ್ತಲಲ್ಲಿದೆ.

ಹುಲುಗಮ್ಮಕ್ಕ ನಮ್ಮ ಹಿಂದಿನ ಮನೆಯವಳು. ಗಂಡ ತೀರಿಕೊಂಡು ಮೂರು ವರ್ಷ. ಆಕೆಯ ಎರಡೆಕರೆ ಮಸಾರಿ, ಅಂದರೆ ಕೆಂಪು ಮರಳುಮಣ್ಣಿನ ಹೊಲವನ್ನು ಮೈದುನ ಮಲ್ಲಯ್ಯ ಮಾಡುತ್ತಿದ್ದ. ಈ ವರ್ಷ ಅಕ್ಕ ಹಟ ಹಿಡಿದು ತಾನೇ ಮಾಡುತ್ತೇನೆಂದು ಹೊಲ ಬಿಡಿಸಿಕೊಂಡಳು. ಮೇಲಿನ ಎಕರೆ ಸೋಯಾ, ಕೆಳಗಿನದು ಮೆಕ್ಕೆಜೋಳ. ಮಲ್ಲಯ್ಯ ಹಿರಿಯರ ಮುಂದೆ ಹೇಳಿದ್ದಾನೆ: "ಒಂದು ವರ್ಷ ನೋಡ್ತೀನಿ. ಬೆಳಿ ಕೆಟ್ರ ಹೊಲ ಮತ್ತ ನಾನೇ ಮಾಡಾಂವ." ಅಕ್ಕ ಒಪ್ಪಿದಳು. ನನ್ನನ್ನು ನಂಬಿ ಒಪ್ಪಿದಳು.

ಇವತ್ತು ಆಕೆ ನೆಟ್ಟಗೆ ನಮ್ಮ ಅಡುಗೆಮನೆಗೇ ಬಂದು ನನ್ನ ಗಲ್ಲ ಹಿಂಡಿದಳು. ಬಂದವರಿಗೆ ಬಾಗಿಲಲ್ಲಿ ಕಾಲಿಗೆ ನೀರು ಕೊಡುವ ಪದ್ಧತಿ ನಮ್ಮದು. ಆಕೆ ಯಾವತ್ತೂ ಅಷ್ಟು ಪುರುಸೊತ್ತು ಕೊಟ್ಟವಳಲ್ಲ. ಕೆಸರುಗಾಲಲ್ಲೇ ಒಲೆಯ ತನಕ ಬರುತ್ತಾಳೆ.

ನಮ್ಮ ಅತ್ತೆ ವಿರೂಪಮ್ಮ ಕೂಡ ಹೊಗಳಿದರು ಎಂದರೆ ಕೇಳಬೇಕೆ. ಓಣಿಯ ಅರ್ಧ ಜನಕ್ಕೆ ಮೆಣಸಿನ ಸಸಿ ಕೊಡುವವರು ಅವರು. "ಹುಲುಗಿ ಹೊಲದ ಮಣ್ಣು ನನ್ನ ಸಸಿಮಡಿಗೂ ನಾಕು ಪುಟ್ಟಿ ಬೇಕು" ಎಂದರು. ಧಾರಾಳವಾಗಿ ತಗೊಳ್ಳಿರಿ ಎಂದೆ.

ಆಗಸ್ಟ್ 10, ಭಾನುವಾರ

ವರಮಹಾಲಕ್ಷ್ಮಿ ಹಬ್ಬದ ಗದ್ದಲದಲ್ಲಿ ಒಂದು ವಾರ ಹೊಲದ ಕಡೆ ಹೋಗಿರಲಿಲ್ಲ. ಇವತ್ತು ಹೋದೆ. ಸೋಯಾ ಅಲ್ಲಲ್ಲಿ ಹಳದಿ ತಿರುಗಿದೆ. ನೀರು ಹಾಯಿಸಿದ ಮರುದಿನವೇ ಮಧ್ಯಾಹ್ನದ ಬಿಸಿಲಿಗೆ ಎಲೆ ಜೋತು ಬಿದ್ದಿವೆ.

"ಏನಾತು ವಿಜ್ಜಿ ಇದಕ್ಕ?" ಎಂದಳು ಅಕ್ಕ.

"ಕಬ್ಬಿಣದ ಕೊರತಿ ಅಕ್ಕಾ. ಔಷಧ ಬರದು ಕೊಡ್ತೀನಿ" ಎಂದೆ. ಎಷ್ಟು ಸಲೀಸಾಗಿ ಬಂತು ಮಾತು! ಕೊರತೆಯೇ ಇರಬೇಕು. ಗಂಟು ಅಷ್ಟು ಚೆನ್ನಾಗಿ ಕಟ್ಟಿದ ಬೆಳೆಗೆ ಇನ್ನೇನಾದೀತು?

ಆಗಸ್ಟ್ 11, ಸೋಮವಾರ

ಬೆಳಿಗ್ಗೆ ಮೊಬೈಲಿನಲ್ಲಿ ಸೋಯಾ ಹಳದಿಯಾಗುವುದರ ಬಗ್ಗೆ ಹುಡುಕಿದೆ. ಯಾವನೋ ಪುಣ್ಯಾತ್ಮ ಬೇರು ಹಿಡಿದುಕೊಂಡು ಮಾತಾಡುತ್ತಿದ್ದ. ಒಳ್ಳೆಯ ಗಂಟು ಬೇರಿಗೆ ಅಂಟಿಕೊಂಡಿರುತ್ತದೆ, ಉಗುರು ತಾಗಿಸಿದರೆ ಉದುರುತ್ತದೆ, ಒಡೆದರೆ ಒಳಗೆ ನಸುಗೆಂಪು. ಬೇರು ತಾನೇ ಊದಿಕೊಂಡು ಗಂಟಾಗಿದ್ದರೆ, ಉಗುರಿಗೆ ಬಿಡದಿದ್ದರೆ, ಅದು ಬೇರಿನೊಳಗೆ ಸೇರುವ ಜಂತುಹುಳುವಿನ ಗಂಟು.

ಆ ದಿನ ನಾನು ಉಗುರು ತಾಗಿಸಿ ನೋಡಿರಲಿಲ್ಲ. ಫೋಟೊ ತೆಗೆಯುವ ಗಡಿಬಿಡಿ.

ಅನ್ನಕ್ಕೆ ಇಟ್ಟಿದ್ದನ್ನು ಅತ್ತೆಗೆ ಹೇಳಿ ಹೊಲಕ್ಕೆ ಓಡಿದೆ. ಒಂದು ಗಿಡ ಕಿತ್ತೆ. ಉಗುರಲ್ಲಿ ಕೆರೆದೆ. ಬರಲಿಲ್ಲ. ಎರಡನೆಯದು, ಮೂರನೆಯದು. ಏಳು ಗಿಡ ಕಿತ್ತೆ. ಬೇರಿನ ಸಿಪ್ಪೆ ಸುಲಿದು ಬಂತೇ ಹೊರತು ಗಂಟು ಬರಲಿಲ್ಲ.

ಕಿತ್ತ ಗಿಡಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದೆ. ದಾರಿಯಲ್ಲಿ ಯಾರೋ ಮಾತಾಡಿಸಿದರು, ಯಾರೆಂದು ನೆನಪಿಲ್ಲ.

ಆಗಸ್ಟ್ 12, ಮಂಗಳವಾರ

ಊಟ ಸೇರಲಿಲ್ಲ.

ಆಗಸ್ಟ್ 14, ಗುರುವಾರ

ಹುಳ ಆ ಹೊಲದಲ್ಲಿ ಮೊದಲೇ ಇದ್ದಿರಬಹುದು ಎಂದು ಎರಡು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇವತ್ತು ಬದುವಿನ ದಿಬ್ಬ ಹತ್ತಿ ನಿಂತು ನೋಡಿದೆ. ನೋಡಬಾರದಾಗಿತ್ತು. ಹಳದಿ ಎಲ್ಲೆಂದರಲ್ಲಿ ಇಲ್ಲ. ಬಾಗಿದ ಪಟ್ಟಿ, ಅದರ ಪಕ್ಕ ಹಸಿರು, ಮತ್ತೆ ಬಾಗಿದ ಪಟ್ಟಿ. ಪುಟ್ಟಿ ಸೊಂಟಕ್ಕೆ ಇಟ್ಟುಕೊಂಡು ಬಲಗೈಯಲ್ಲಿ ಮಣ್ಣು ಬೀಸುತ್ತ ನಡೆದಾಗ ಎಷ್ಟು ಅಗಲ ಬೀಳುತ್ತದೋ ಅಷ್ಟೇ ಅಗಲ. ಬಡಗಣ ಮೂಲೆಯಲ್ಲಿ ಸುಸ್ತಾಗಿ ಒಂದು ಪುಟ್ಟಿ ಅಲ್ಲೇ ಸುರುವಿದ್ದೆ. ಅಲ್ಲಿ ಗಿಡ ಸತ್ತೇ ಹೋಗಿವೆ.

ಮನೆಗೆ ಬಂದು ತರಬೇತಿಯ ನೋಟ್‌ಬುಕ್ ತೆಗೆದೆ. ಏಳನೆಯ ಪುಟ. ನನ್ನದೇ ದುಂಡಗಿನ ಅಕ್ಷರ: 'ಹಿಂದೆ ಹಳೆಯ ಸೋಯಾ ಹೊಲದ ಮಣ್ಣು ತಂದು ಹಾಕುತ್ತಿದ್ದರು. ಈಗ ಹಾಗೆ ತರಬಾರದು. ರೋಗ, ಜಂತು ಬರುತ್ತವೆ.' ಮೊದಲ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಬೇರೆ ಎಳೆದಿದ್ದೇನೆ. ನನಗೆ ನೆನಪಿದ್ದದ್ದು ಗೆರೆ ಎಳೆದದ್ದು ಮಾತ್ರ.

ಪುಟ ಹರಿಯಲು ಹೋದೆ. ನೋಟ್‌ಬುಕ್‌ಗೆ ಪುಟದ ನಂಬರ್ ಹಾಕಿ ಕೊಟ್ಟಿದ್ದಾರೆ. ಹರಿದರೆ ಗೊತ್ತಾಗುತ್ತದೆ.

ಹಿತ್ತಲಿನ ಅರ್ಧ ಚೀಲದ ಬಾಯಿಗೆ ಎರಡು ಸುತ್ತು ಹಗ್ಗ ಬಿಗಿದೆ. ಅದರ ಹತ್ತಿರ ಹೋಗುವುದಕ್ಕೇ ಹೆದರಿಕೆ ಆಗುತ್ತದೆ.

ಆಗಸ್ಟ್ 18, ಸೋಮವಾರ

ಗಿಡ, ಮಣ್ಣು ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಬಳ್ಳಾರಿಗೆ ಹೋದೆ. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದೆ. ಕೆಳಗಿಟ್ಟರೆ ಸೋರೀತು, ಬಸ್ಸು ಹೋದ ಊರಿಗೆಲ್ಲ ಹೋದೀತು ಎಂದು ಜೀವ ಹೊಡೆದುಕೊಳ್ಳುತ್ತಿತ್ತು.

ಪಾರ್ವತಿನಗರದಲ್ಲಿ ನೇತ್ರಾ ಮೇಡಂ ಅವರ ಪುಟ್ಟ ಲ್ಯಾಬ್ ಇದೆ. "ಯಾವ ಊರಿನದು?" ಎಂದರು. ಬಾಯಿಗೆ ಬಂದದ್ದು ಕೊಳಗಲ್ಲು. ಕೊಳಗಲ್ಲಿನವರು ನನಗೇನು ಅನ್ಯಾಯ ಮಾಡಿದ್ದರೋ ಪಾಪ.

ಮೇಡಂ ಒಂದು ಗಂಟು ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನನ್ನನ್ನೂ ಕರೆದರು. ಸಾಸಿವೆಗಿಂತ ಎಷ್ಟೋ ಚಿಕ್ಕದು, ಹೊಟ್ಟೆ ಉಬ್ಬಿದ ಬೆಳ್ಳನೆಯದು, ಅದು ಹೆಣ್ಣು. ಪಕ್ಕದಲ್ಲಿ ಅಂಟಿನ ಮುದ್ದೆಯಲ್ಲಿ ಮೊಟ್ಟೆಗಳು. "ಒಂದಕ್ಕೆ ಮುನ್ನೂರು ನಾನೂರು ಮೊಟ್ಟೆ" ಎಂದರು. ಮಣ್ಣು ತೊಳೆದ ನೀರಿನಲ್ಲಿ ಗಾಜಿನ ಎಳೆಯಂಥ ಮರಿಗಳು ಹೊರಳಾಡುತ್ತಿದ್ದವು.

"ಮೆಕ್ಕೆಜೋಳಕ್ಕೂ ಬರ್ತದೇನ್ರಿ ಮೇಡಂ?"

"ಬರುತ್ತೆ. ಅದರ ಬೇರಲ್ಲಿ ಗಂಟು ದೊಡ್ಡದಾಗಿ ಕಾಣಲ್ಲ, ಹಾಗಾಗಿ ಜನ ಗಮನಿಸಲ್ಲ. ಮೆಣಸಿನಕಾಯಿಗಂತೂ ಇದು ಮೃತ್ಯು." ಆಮೇಲೆ ನನ್ನನ್ನು ನೋಡಿ, "ಇದು ತಾನಾಗಿ ವರ್ಷಕ್ಕೆ ಒಂದು ಮಾರು ದೂರ ಕೂಡ ಹೋಗಲ್ಲ ವಿಜಯಲಕ್ಷ್ಮಿ. ಊರಿಂದ ಊರಿಗೆ ಒಯ್ಯೋದು ನಾವೇ, ಕಾಲಲ್ಲಿ, ಸಲಿಕೆಯಲ್ಲಿ, ನೀರಲ್ಲಿ. ಎರೆಯ ಕಪ್ಪು ಮಣ್ಣಲ್ಲಿ ಸುಮ್ಮನೆ ಇದ್ದದ್ದು ಮಸಾರಿಗೆ ಬಂದರೆ ಸೊಕ್ಕುತ್ತೆ. ಈ ಹೊಲದವರು ಎಲ್ಲಿಂದಾದರೂ ಮಣ್ಣು ತಂದಿದ್ರಾ?"

"ಗೊತ್ತಿಲ್ರಿ" ಎಂದೆ.

ಆ ಹೊಲದ ಮಣ್ಣು ಒಂದು ಹಿಡಿಯೂ ಆಚೆ ಹೋಗಬಾರದು, ಅಲ್ಲಿ ಇಳಿದ ಕಾಲು, ಸಲಿಕೆ ತೊಳೆಯಬೇಕು, ನೀರು ಪಕ್ಕದ ಹೊಲಕ್ಕೆ ಬಿಡಬಾರದು, ಕಟಾವಾದ ಮೇಲೆ ಚೆಂಡುಹೂವು ಹಾಕಬೇಕು, ಬೇವಿನ ಹಿಂಡಿ ಕೊಡಬೇಕು ಎಂದರು. ಎಲ್ಲ ಬರೆದುಕೊಂಡೆ. ಕೊನೆಗೆ ಆ ರೈತನ ಫೋನ್ ನಂಬರ್ ಕೇಳಿದರು. ಗಾಬರಿಯಲ್ಲಿ ಬಾಯಿಪಾಠ ಇದ್ದ ಒಂದೇ ಒಂದು ನಂಬರ್ ಕೊಟ್ಟೆ. ನನ್ನ ಗಂಡನದು.

ಆಗಸ್ಟ್ 19, ಮಂಗಳವಾರ

ಸಂಗಮೇಶ್ ಬಳ್ಳಾರಿಯ ಜೀನ್ಸ್ ಘಟಕದಿಂದ ಸಂಜೆ ಮನೆಗೆ ಬಂದವರೇ ಚಪ್ಪಲಿಯನ್ನೂ ಬಿಡದೆ ಕೇಳಿದರು: "ಏನಲೇ, ನಾನು ಯಾವಾಗ ಕೊಳಗಲ್ಲಿನ ರೈತ ಆದ್ನಿ? ಯಾರೋ ಮೇಡಂ ಅರ್ಧ ತಾಸು ನನಗ ಹುಳದ ಪಾಠ ಮಾಡಿದ್ರು."

ನಗಬೇಕೆಂದು ಬಾಯಿ ತೆರೆದೆ, ಅಳು ಬಂತು. ಎಲ್ಲ ಹೇಳಿದೆ. ಅವರು ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂತರು.

"ಯಾರಿಗೂ ಹೇಳಬ್ಯಾಡ. ಹುಳಕ್ಕೇನು ಹೆಸರು ಬರದಿರ್ತೈತೇನು, ವಿಜಯಲಕ್ಷ್ಮಿ ತಂದದ್ದು ಅಂತ?"

ಬರೆದಿದೆ, ದಿಬ್ಬದ ಮೇಲೆ ನಿಂತರೆ ಓದಬಹುದು ಎಂದೆ. ಅವರಿಗೆ ತಿಳಿಯಲಿಲ್ಲ.

ಆಗಸ್ಟ್ 21, ಗುರುವಾರ

ಹುಲುಗಮ್ಮಕ್ಕನ ಹೊಲಕ್ಕೆ ಹೋದಾಗಲೆಲ್ಲ ಬದುವಿನ ಮೇಲೆ ಕೂತು ಕಾಲು, ಚಪ್ಪಲಿ, ಉಗುರಿನ ಸಂದು ತೊಳೆದುಕೊಂಡು ಬರುತ್ತಿದ್ದೇನೆ. ಬಾಟಲಿಯಲ್ಲಿ ನೀರು ಒಯ್ಯುತ್ತೇನೆ. "ಏನ್ ಬೇ, ಹೊಸಾ ಮಡಿ ಹಿಡಿದಿ?" ಎಂದು ಅತ್ತೆ ಕೇಳಿದರು. ಇವತ್ತು ಅಕ್ಕನ ನೀರಿನ ಪಾಳಿ. ಸೋಯಾದಿಂದ ಬಸಿದ ನೀರು ಮೆಕ್ಕೆಜೋಳಕ್ಕೆ, ಅಲ್ಲಿಂದ ಕೆಳಗಿನವರ ಹತ್ತಿಗೆ. ಅಕ್ಕ ಊಟಕ್ಕೆ ಹೋದಾಗ ನಾನೊಬ್ಬಳೇ ಮಣ್ಣು ಒಟ್ಟಿ ಕಟ್ಟೆ ಹಾಕಿ ನೀರು ಕೆಳಗಿಳಿಯುವ ದಾರಿ ಮುಚ್ಚಿದೆ. ಯಾರಾದರೂ ನೋಡಿ ಕೇಳಿದರೆ ಏನು ಹೇಳಬೇಕೆಂದು ಯೋಚಿಸಿರಲೇ ಇಲ್ಲ.

ಅಕ್ಕ ಮೂರು ಸಲ ಕಬ್ಬಿಣದ ಔಷಧ ಹೊಡೆದಿದ್ದಾಳೆ. ನಾನು ಬರೆದುಕೊಟ್ಟದ್ದು.

ಆಗಸ್ಟ್ 23, ಶನಿವಾರ

ಮಲ್ಲಯ್ಯ ಒಣಗಿದ ಒಂದು ಕಂತೆ ಸೋಯಾ ತಂದು ಚಾವಡಿಯ ಮುಂದೆ ಒಗೆದ. "ನೋಡ್ರಿ ನಮ್ಮ ಅತ್ತಿಗಿ ಒಕ್ಕಲುತನ! ಆಕಿ ಕೈ ಇಟ್ಟಲ್ಲಿ ಹಸರು ನಿಲ್ಲಂಗಿಲ್ಲ. ನಮ್ಮಣ್ಣಂದೂ ಹಂಗೇ ಆತು" ಎಂದ.

ಅಷ್ಟು ಜನರ ಮುಂದೆ ಅಂದುಬಿಟ್ಟ. ಅಕ್ಕನ ಮುಖ ಬಿಳಿಚಿಕೊಂಡಿತು. ಆದರೂ ಗಟ್ಟಿಯಾಗಿ ಹೇಳಿದಳು: "ವಿಜ್ಜಿ ಬೇರು ನೋಡ್ಯಾಳ. ಬೇರು ಚಲೋ ಅದಾವ. ಕೇಳಿ ನೋಡು."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಮೊಬೈಲ್ ತೆಗೆದು ಕಿವಿಗೆ ಹಚ್ಚಿಕೊಂಡು, ಫೋನ್ ಬಂದವಳ ಹಾಗೆ ಅಲ್ಲಿಂದ ಎದ್ದು ಬಂದೆ. ಥೂ.

ಆಗಸ್ಟ್ 24, ಭಾನುವಾರ

ಅತ್ತೆ ನಾಳೆ ಸೋಮವಾರ, ಒಳ್ಳೆಯ ದಿನ, ಮೆಣಸಿನ ಸಸಿಮಡಿ ಮಾಡುತ್ತಾರಂತೆ. ಹುಲುಗಮ್ಮಕ್ಕ ಮಣ್ಣು ಕೊಡುತ್ತೇನೆ ಎಂದಿದ್ದಾಳೆ. ಸಂಘದ ನಾಲ್ವರು ಕೂಡ ಪುಟ್ಟಿ ತರುತ್ತಾರೆ. ಬೆಳೆ ಹಳದಿಯಾದರೇನು, ಗಂಟು ಕಟ್ಟುವ ಮಣ್ಣು ಅದು ಎಂದು ಇನ್ನೂ ನಂಬಿದ್ದಾರೆ. ನಾನೇ ನಂಬಿಸಿದ್ದು.

ಮಡಿಯಿಂದ ಸಸಿ, ಸಸಿಯ ಬೇರಿನ ಜೊತೆ ಹುಳ, ಓಣಿಯ ಒಂದೊಂದು ಹೊಲಕ್ಕೂ. ಕೂತರೂ ಅದೇ, ನಿಂತರೂ ಅದೇ ಕಣ್ಣ ಮುಂದೆ.

ನನ್ನ ಗಂಡ ಒಂದು ಉಪಾಯ ಹೇಳಿದರು: "ಆ ಮಣ್ಣಿಗೆ ವಿಷದ ಔಷಧ ಹೊಡದೀವಿ, ಸಸಿ ಸುಡ್ತಾವ ಅನ್ನು. ಮುಗೀತು." ಒಳ್ಳೆಯ ಉಪಾಯ. ಹತ್ತು ಸಲ ಬಾಯಲ್ಲಿ ಹೇಳಿಕೊಂಡು ಕಲಿತೆ.

ಆಗಸ್ಟ್ 25, ಸೋಮವಾರ

ಹೇಳಿಬಿಟ್ಟೆ.

ನಾನು ಹೋಗುವಷ್ಟರಲ್ಲಿ ಅತ್ತೆ ಹೊಲದಲ್ಲಿ ಇಳಿದು ಸಲಿಕೆ ಹಾಕಿದ್ದರು. ಮೊದಲ ಪುಟ್ಟಿ ತುಂಬಿತ್ತು. ಕಲಿತ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. "ಅತ್ತಿ, ಆ ಮಣ್ಣು ಬ್ಯಾಡ್ರಿ, ಅದಕ್ಕ ಔಷಧ..." ಎನ್ನುತ್ತಿದ್ದೆ. ಮಲ್ಲಯ್ಯ ಬದುವಿನ ಮೇಲೆ ನಿಂತು, "ಒಯ್ರಿ, ಒಯ್ರಿ. ಮಣ್ಣು ಚಲೋನೇ ಐತಿ, ಕೈ ಕೆಟ್ಟದ್ದು. ಅತ್ತಿಗಿ, ಸುಗ್ಗಿ ತನಕ ಯಾಕ, ಇವತ್ತೇ ಹೊಲ ಬಿಡು" ಎಂದ. ಹುಲುಗಮ್ಮಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು. ಆಕೆ ಏನೋ ಹೇಳಲು ಬಾಯಿ ತೆರೆದಳು. ಆಯಿತು ಎನ್ನುತ್ತಾಳೆ ಎಂದು ನನಗೆ ಅನ್ನಿಸಿತು.

"ಕೈ ಕೆಟ್ಟದ್ದಲ್ಲ, ಮಣ್ಣು ಕೆಟ್ಟದ್ದು. ತಂದಾಕಿ ನಾನು" ಎಂದೆ.

ಯಾರಿಗೂ ತಿಳಿಯಲಿಲ್ಲ. ಒಂದು ಗಿಡ ಕಿತ್ತು ಬೇರು ತೊಳೆದು ಅತ್ತೆಯ ಕೈಗೆ ಕೊಟ್ಟೆ. "ಉಗುರಿಲೆ ಕೆರದು ನೋಡ್ರಿ. ಉದುರಂಗಿಲ್ಲ. ಇದು ಗೊಬ್ಬರದ ಗಂಟಲ್ಲ, ಹುಳದ ಗಂಟು. ನಮ್ಮಣ್ಣನ ಹೊಲದಾಗ ಇತ್ತು. ಮಣ್ಣು ತರಬ್ಯಾಡ ಅಂತ ಮೇಡಂ ಹೇಳಿದ್ರು, ನಾ ಕೇಳ್ಲಿಲ್ಲ. ನನಗ ಗೊತ್ತಾಗಿ ಹದಿನಾಕು ದಿನ ಆತು." ಮಲ್ಲಯ್ಯನ ಕಡೆ ತಿರುಗಿ, "ನಿಮ್ಮ ಅತ್ತಿಗಿ ಕಸ ತೆಗದಾಳ, ಹೊತ್ತಿಗೆ ಸರಿ ನೀರು ಕಟ್ಯಾಳ. ಆಕಿದೇನೂ ತಪ್ಪಿಲ್ಲ. ಬೈಯ್ಯೋದಿದ್ರ ನನ್ನ ಬೈರಿ" ಎಂದೆ. ಹೇಳಿ ಮುಗಿಸಿ ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟೆ.

ಅತ್ತೆ ಕೆರೆದು ನೋಡಿದರು. ಮತ್ತೆ ಕೆರೆದರು. ಆಮೇಲೆ ಪುಟ್ಟಿಯ ಮಣ್ಣನ್ನು ತೆಗೆದ ಗುಂಡಿಗೇ ಸುರುವಿ, ಕೈಯಿಂದ ಒತ್ತಿ ಹೊರಟರು.

"ಹೊರಡೋ ಮುಂಚೆ ಕಾಲು ತೊಳಕೊಳ್ರಿ" ಎಂದು ಕೂಗಿದೆ. ಎಲ್ಲರೂ ತೊಳೆದುಕೊಂಡರು. ಮಲ್ಲಯ್ಯ ಕೂಡ.

ಹುಲುಗಮ್ಮಕ್ಕ ಕೇಳಿದ್ದು ಒಂದೇ ಮಾತು. "ಹದಿನಾಕು ದಿನ ನಾ ಔಷಧ ಹೊಡಿಯೋದು ನೋಡ್ಕೋಂತ ನಿಂತಿದ್ದೇನ?"

ಹೌದು ಎಂದೆ.

ಆಗಸ್ಟ್ 26, ಮಂಗಳವಾರ

ವಾಟ್ಸ್ಆ್ಯಪ್ ಗುಂಪಿನಿಂದ ಏಳು ಜನ ಹೊರಗೆ ಹೋದರು. ಅತ್ತೆ ನನಗೆ ಹೇಳಬೇಕಾದ್ದನ್ನು ಗೋಡೆಗೆ ಹೇಳುತ್ತಾರೆ.

ಆಗಸ್ಟ್ 29, ಶುಕ್ರವಾರ

ಮೇಡಂಗೆ ಫೋನ್ ಮಾಡಿ ಆ ಕೊಳಗಲ್ಲಿನ ಹೊಲ ನಿಜವಾಗಿ ಯಾವುದೆಂದು ಹೇಳಿದೆ. "ನಾನು ಕ್ಲಾಸಲ್ಲಿ ಹೇಳಿದ್ದೆ ಅಲ್ವಾ?" ಎಂದರು. "ಹೇಳಿದ್ರಿ. ಏಳನೇ ಪುಟದಾಗ ಐತ್ರಿ." ಬುಧವಾರ ಬಂದು ನೋಡುತ್ತೇನೆ ಎಂದರು. ಕೆಲಸದಿಂದ ತೆಗೆಯುತ್ತಾರೋ ಏನೋ, ಕೇಳುವುದಕ್ಕೆ ಮರೆತೆ. ಮೆಕ್ಕೆಜೋಳದ ಮಣ್ಣನ್ನೂ ಒಯ್ದು ನೋಡುತ್ತೀರಾ ಎಂದು ಮಾತ್ರ ಕೇಳಿದೆ.

ಎರ್ರೆಪ್ಪಣ್ಣನಿಗೂ ಹೇಳಿದೆ. ತವರಿನ ಮಣ್ಣಿಗೆ ಕೆಟ್ಟ ಹೆಸರು ತಂದೆ ಎಂದು ಫೋನಿನಲ್ಲೇ ಬೈದ. ಸಂಜೆ ಅವನೇ ಫೋನ್ ಮಾಡಿ, ತನ್ನ ಹೊಲದಲ್ಲೂ ಉಗುರಿಗೆ ಗಂಟು ಬಿಡುತ್ತಿಲ್ಲ, ಏನು ಮಾಡಲಿ ಎಂದ.

ಆಫೀಸಿನ ದಿನಚರಿಯಲ್ಲಿ ಜೂನ್ ತಿಂಗಳ ಪುಟದಲ್ಲಿ 'ಮಣ್ಣು ತರಿಸಲಾಯಿತು' ಎಂದಿತ್ತು. ಹೊಡೆದು ಹಾಕಿ 'ನಾನೇ ತಂದದ್ದು' ಎಂದು ಬರೆದೆ. ಅಕ್ಷರ ಸೊಟ್ಟಗೆ ಬಂದಿದೆ.

ಸೆಪ್ಟೆಂಬರ್ 5, ಶುಕ್ರವಾರ

ಮೇಡಂ ಬುಧವಾರ ಬಂದು ಹೋದರು. ಮೆಕ್ಕೆಜೋಳದ ಮೇಲಿನ ನಾಲ್ಕು ಸಾಲಿಗೆ ಹುಳ ಇಳಿದಿದೆ, ಅದರಾಚೆ ಇಲ್ಲ. ಕೆಳಗಿನವರ ಹತ್ತಿಯಲ್ಲಿ ಇಲ್ಲ. ಅದನ್ನು ಕೇಳಿ ಮೂರು ವಾರದ ಮೇಲೆ ಹೊಟ್ಟೆ ತುಂಬ ಉಂಡೆ. ಆದರೆ ಹುಳ ಪೂರ್ತಿ ಹೋಗುವುದಿಲ್ಲವಂತೆ, ಕಡಿಮೆ ಮಾಡಬಹುದು ಅಷ್ಟೆ.

ಇವತ್ತು ಮಧ್ಯಾಹ್ನ ಮಾಳಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಹಿತ್ತಲಿನ ಅರ್ಧ ಚೀಲ ಮಣ್ಣನ್ನು ತೆಳ್ಳಗೆ ಹರವಿ, ಮೇಲೊಂದು ಹಾಳೆ ಮುಚ್ಚಿ ಬಿಸಿಲಿಗೆ ಸುಡಲು ಬಿಟ್ಟಿದ್ದೆ. ಜೀವಮಾನವಿಡೀ ಬೈದ ಬಳ್ಳಾರಿಯ ಬಿಸಿಲಿಗೆ ಮೊದಲ ಸಲ ಕೈಮುಗಿದೆ. ಕೆಳಗೆ ಬಾಗಿಲಲ್ಲಿ ದನಿ ಕೇಳಿತು.

"ವಿಜ್ಜೀ, ಒಂದು ಚೊಂಬು ನೀರು ತಾ."

ಹುಲುಗಮ್ಮಕ್ಕ. ಹನ್ನೊಂದು ದಿನ ಆಗಿತ್ತು. ಹೊಸ್ತಿಲಿನ ಆಚೆ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಳು.

"ಒಳಗ ಬಾ ಅಕ್ಕಾ."

"ಹೆಂಗ ಬರ್ಲಿ? ಹೊಲದಿಂದ ನೆಟ್ಟಗ ಬಂದೀನಿ. ಬಾಟ್ಲಿ ನೀರು ಸಾಲ್ಲಿಲ್ಲ, ಬೆರಳ ಸಂದ್ಯಾಗ ಮಣ್ಣು ಐತಿ. ನಿಮ್ಮತ್ತಿ ಸಸಿಮಡಿ ಇಲ್ಲೇ ಐತಲ್ಲ."

ಚೊಂಬು ತಂದೆ. ಆಕೆ ಕೈಗೆ ತೆಗೆದುಕೊಳ್ಳಲಿಲ್ಲ, ಕಾಲು ಚಾಚಿದಳು. ಸುರಿಯಲು ಬಗ್ಗಿದೆ. ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದು ಅಕ್ಕನ ಕಾಲಡಿಗೆ ಒಂದು ಬೋಗುಣಿ ಇಟ್ಟರು. "ಇದರಾಗ ಬೀಳಲಿ. ನೆಲಕ್ಕ ಹರಿಸಬ್ಯಾಡ. ಆಮ್ಯಾಲ ನೀರು ಕುದಿಸಿ ಚೆಲ್ಲು" ಎಂದರು. ಗೋಡೆಗಲ್ಲ, ನನಗೆ.

ನೀರು ಸುರಿಯುತ್ತಿದ್ದಾಗ ಅಕ್ಕ ಹೇಳಿದಳು: "ಮಲ್ಲಯ್ಯ ನಿನ್ನಿ ಹಿರಿಯರನ್ನ ಕರಕೊಂಡು ಬಂದಿದ್ದ. ಆ ಹುಳದ ಹೊಲ ನನಗ ಬ್ಯಾಡ, ನನ್ನ ಎತ್ತು, ಕುಂಟಿ ಅಲ್ಲಿ ಇಳಸಂಗಿಲ್ಲ ಅಂದ. ಎಲ್ಲಾರ ಮುಂದೆ ಬಾಯಿಬಿಟ್ಟು ಹೇಳಿದ. ಹುಳ ಇರೋ ತನಕ ಹೊಲ ನಂದೇ ಅಂತಾತು."

ನನಗೆ ನಗು ಬಂದುಬಿಟ್ಟಿತು. ಆಕೆ ನಗಲಿಲ್ಲ.

"ನಗಬ್ಯಾಡ. ನನಗ ಸಿಟ್ಟು ಇನ್ನೂ ಐತಿ. ಯಾವಾಗ ಹೋಗ್ತೈತೋ ಗೊತ್ತಿಲ್ಲ."

"ಹೂಂ ಅಕ್ಕಾ."

"ಚೆಂಡುಹೂವಿನ ಬೀಜ ಎಲ್ಲಿ ಸಿಗ್ತಾವ?"

"ನಂಗೂ ಗೊತ್ತಿಲ್ಲ. ಕೇಳಿ ಹೇಳ್ತೀನಿ" ಎಂದೆ.

ಆಕೆ ಬಲಗಾಲು ಹೊಸ್ತಿಲೊಳಗೆ ಇಟ್ಟಳು. ಎಡಗಾಲನ್ನು ಬೋಗುಣಿಯ ಮೇಲೆ ಚಾಚಿ, "ಇದಕ್ಕೂ ಹಾಕು" ಎಂದಳು. ಹಾಕಿದೆ.